ಹಳೆಯ ಚಿತ್ರ ಕೈಯಲ್ಲಿ ಹಿಡಿದು ರೋಮಿನ ಪಾಳು ಕಟ್ಟಡಗಳನ್ನು ನೋಡುವುದು ಹೇಗೆ

ಮೊದಲ ಸಲ ರೋಮ್‌ಗೆ ಹೋದಾಗ ನಾಲ್ಕು ದಿನದಲ್ಲಿ ನಾನೂರು ಚಿತ್ರ ತೆಗೆದಿದ್ದೆ. ಊರಿಗೆ ಬಂದು ಅಕ್ಕನಿಗೆ ತೋರಿಸುತ್ತ ಕೂತಾಗ ಅವಳು ರೋಮನ್ನರ ಹಳೆಯ ಬಯಲು ಕ್ರೀಡಾಂಗಣವಾದ ಕೊಲೋಸಿಯಂ ಮೇಲೆ ಬೆರಳಿಟ್ಟು ಕೇಳಿದಳು: "ಇದು ಒಂದು ಕಡೆ ಅಷ್ಟೆತ್ತರ, ಇನ್ನೊಂದು ಕಡೆ ಗಿಡ್ಡ ಯಾಕೋ? ಗೋಡೆ ತುಂಬ ಈ ತೂತುಗಳೇನು?" ನನ್ನ ಬಳಿ ಉತ್ತರ ಇರಲಿಲ್ಲ. ನಾನೂರು ಚಿತ್ರಗಳಲ್ಲಿ ಒಂದರಲ್ಲೂ ನಾನು ಆ ಗೋಡೆಯನ್ನು ನೋಡಿರಲಿಲ್ಲ.

ಎರಡನೇ ಸಲ ಹೋಗುವಾಗ ಕೆಲವು ಹಳೆಯ ಚಿತ್ರಗಳನ್ನು ಪ್ರಿಂಟ್ ಹಾಕಿಸಿಕೊಂಡು ಹೋದೆ. 1700ರ ಕಾಲದ ಅಚ್ಚುಚಿತ್ರಗಳು ಕೆಲವು, 1850–60ರ ಫೋಟೊಗಳು ಕೆಲವು. ಆ ಕಲಾವಿದ ನಿಂತ ಜಾಗದಲ್ಲೇ ನಿಂತು, ಕಾಗದವನ್ನೂ ಎದುರಿನ ಕಟ್ಟಡವನ್ನೂ ಮತ್ತೆ ಮತ್ತೆ ಹೋಲಿಸಿದೆ. ಅಲ್ಲಿದ್ದದ್ದು ಇಲ್ಲಿ ಯಾಕಿಲ್ಲ, ಇಲ್ಲಿರುವುದು ಅಲ್ಲಿ ಯಾಕಿಲ್ಲ ಎಂದು ಕೇಳುತ್ತ ಹೋದ ಹಾಗೆ ಕಟ್ಟಡದ ಕಥೆ ಬಿಚ್ಚಿಕೊಂಡಿತು. ಕಾಲ ಎಲ್ಲವನ್ನೂ ಹಾಳುಮಾಡಿತು ಎಂದು ಹೇಳಿಬಿಡುವುದು ಸುಲಭ. ರೋಮಿನಲ್ಲಿ ಹಾಗೆ ಹೇಳಿದರೆ ಮುಕ್ಕಾಲು ಕಥೆ ಬಿಟ್ಟಂತೆ. ಇವತ್ತು ಕಾಣುವ ಪಾಳಿನ ಆಕಾರ ಬಂದದ್ದು ಅದನ್ನು ಕಿತ್ತವರಿಂದ, ಅದರೊಳಗೆ ವಾಸಮಾಡಿದವರಿಂದ, ಅಗೆದು ತೆಗೆದವರಿಂದ, ಬೀಳುವ ಗೋಡೆಗೆ ಆಸರೆ ಕೊಟ್ಟವರಿಂದ. ಅದನ್ನು ನೀವೂ ಓದಲು ಬೇಕಾದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ರೋಮ್‌ಗೆ ಹೋಗದೆ ಮನೆಯಲ್ಲೇ ಕೂತು ಹಳೆಯ ಚಿತ್ರಗಳನ್ನು ನೋಡುವವರಿಗೂ ಮೊದಲ ಮೂರು ಹೆಜ್ಜೆ ಸಾಕಷ್ಟು ಕೆಲಸ ಕೊಡುತ್ತವೆ.

ಹೆಜ್ಜೆ 1: ಒಂದು ದಿನಕ್ಕೆ ಒಂದು ಕಟ್ಟಡ, ಒಂದು ಹಳೆಯ ಚಿತ್ರ

ಇಡೀ ರೋಮನ್ನು ಹೀಗೆ ನೋಡಲು ಹೊರಟರೆ ಯಾವುದೂ ಮುಗಿಯುವುದಿಲ್ಲ. ಮೊದಲ ಸಲಕ್ಕೆ ಮೂರರಲ್ಲಿ ಒಂದನ್ನು ಆರಿಸಿ: ಕೊಲೋಸಿಯಂನ ಹೊರಗೋಡೆ, ದೇವಾಲಯವಾಗಿದ್ದು ಮುಂದೆ ಚರ್ಚ್ ಆದ ಪ್ಯಾಂಥಿಯನ್‌ನ ಮುಂಭಾಗ, ಇಲ್ಲವೇ ಹಳೆಯ ರೋಮಿನ ಊರಚೌಕವಾದ ಫೋರಂನಲ್ಲಿರುವ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಕಮಾನು. ಮೂರಕ್ಕೂ ಹಳೆಯ ಚಿತ್ರಗಳು ಹೇರಳವಾಗಿವೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇವುಗಳ ಜಾಲತಾಣಗಳಲ್ಲಿ ಇಂಥ ಚಿತ್ರಗಳು ದೊಡ್ಡ ಅಳತೆಯಲ್ಲಿ ಉಚಿತವಾಗಿ ಸಿಗುತ್ತವೆ. ಹುಡುಕುವಾಗ ಜೋವಾನಿ ಬಟಿಸ್ಟಾ ಪಿರನೇಸಿ ಎಂಬ ಹೆಸರಿನಿಂದ ಶುರುಮಾಡಿ. 1720ರಲ್ಲಿ ವೆನಿಸ್ ಸೀಮೆಯಲ್ಲಿ ಹುಟ್ಟಿ 1778ರಲ್ಲಿ ರೋಮಿನಲ್ಲಿ ತೀರಿಕೊಂಡ ಈತ ರೋಮಿನ ನೋಟಗಳ 135 ದೊಡ್ಡ ತಾಮ್ರಫಲಕಗಳನ್ನು ಕೆತ್ತಿದ. ಫೋರಂ ಬೇಕಿದ್ದರೆ ಆ ಕಾಲದ ಹೆಸರಾದ 'ಕಾಂಪೊ ವಾಚ್ಚೀನೊ' ಎಂದೂ ಹುಡುಕಿ. ದನಗಳ ಬಯಲು ಎಂದು ಅದರ ಅರ್ಥ. ಸಾಮ್ರಾಜ್ಯದ ಹೃದಯಸ್ಥಾನ ಹಲವು ಶತಮಾನ ದನ ಮೇಯುವ ಬಯಲಾಗಿತ್ತು.

ಆರಿಸಿದ ಚಿತ್ರವನ್ನು ಎ4 ಹಾಳೆಯ ಮೇಲೆ ಪ್ರಿಂಟ್ ಹಾಕಿಸಿ. ಫೋನಿನಲ್ಲೂ ಇರಲಿ, ಆದರೆ ಜುಲೈ ಬಿಸಿಲಿನಲ್ಲಿ ಫೋನಿನ ಪರದೆ ಕಾಣುವುದಿಲ್ಲ. ಕಾಗದದ ಮೇಲಾದರೆ ಪೆನ್ಸಿಲಿನಿಂದ ಗುರುತೂ ಹಾಕಬಹುದು.

ಹೆಜ್ಜೆ 2: ಆ ಚಿತ್ರವನ್ನು ಎಷ್ಟು ನಂಬಬಹುದು ಎಂದು ತಿಳಿಯಿರಿ

ಹಳೆಯದೆಲ್ಲ ದಾಖಲೆಯಲ್ಲ. ಜೋವಾನಿ ಪಾವ್ಲೊ ಪನ್ನೀನಿ (1691–1765) ರೋಮಿನ ಕಮಾನು, ಸ್ತಂಭ, ದೇವಾಲಯಗಳನ್ನು ಬೇರೆಬೇರೆ ಜಾಗಗಳಿಂದ ತಂದು ಒಂದೇ ಬಯಲಿನಲ್ಲಿ ನಿಲ್ಲಿಸಿ ಚಿತ್ರ ಬರೆಯುತ್ತಿದ್ದ. ಕೊಳ್ಳುವವರಿಗೆ ಅಂಥವೇ ಬೇಕಿದ್ದವು. ಅವು ಚೆಂದ, ಆದರೆ ಅವನ್ನು ಹಿಡಿದು ಜಾಗ ಹುಡುಕಲು ಹೋಗಬೇಡಿ. ಸುಮಾರು 1734ರಲ್ಲಿ ಆತ ಬರೆದ ಪ್ಯಾಂಥಿಯನ್‌ನ ಒಳನೋಟ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕಟ್ಟಡ ನಿಜವಾದದ್ದೇ, ಆದರೆ ಒಂದೇ ಕಡೆ ನಿಂತವನ ಕಣ್ಣಿಗೆ ಅಷ್ಟೆಲ್ಲ ಒಟ್ಟಿಗೆ ಕಾಣುವುದಿಲ್ಲ. ಮೇಲಿನ ಬೆಳಕಿಂಡಿಯೂ ಕೆಳಗಿನ ನೆಲವೂ ಒಂದೇ ನೋಟಕ್ಕೆ ಬರಲಿ ಎಂದು ಅವನು ಅಳತೆ ಬಗ್ಗಿಸಿದ್ದಾನೆ. ಫ್ರಾನ್ಸಿನ ಹ್ಯೂಬರ್ ರೊಬೇರ್ ಇನ್ನೂ ಮುಂದೆ ಹೋದ. ತನ್ನ ಕಣ್ಣೆದುರಿಗೇ ಇದ್ದ ಪ್ಯಾರಿಸಿನ ಲೂವ್ರ್ ಅರಮನೆಯ ದೊಡ್ಡ ಮೊಗಸಾಲೆ ಪಾಳುಬಿದ್ದರೆ ಹೇಗಿರುತ್ತದೆ ಎಂದು 1796ರಲ್ಲಿ ಚಿತ್ರ ಬರೆದ.

ಪಿರನೇಸಿಯದು ನಡುವಿನ ದಾರಿ. ಗೋಡೆಯ ಕಲ್ಲು, ಬಿರುಕು, ಹುಲ್ಲಿನ ವಿಷಯದಲ್ಲಿ ಅವನನ್ನು ನಂಬಬಹುದು. ಅವನು ಅಳತೆ ಹಿಡಿದು ಅಧ್ಯಯನ ಮಾಡಿದವನು, 1756ರಲ್ಲಿ ರೋಮಿನ ಪ್ರಾಚೀನ ಕಟ್ಟಡಗಳ ಬಗ್ಗೆ ನಾಲ್ಕು ಸಂಪುಟ ತಂದವನು. ಗಾತ್ರದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನೋಡುವ ಕಣ್ಣನ್ನು ನೆಲದ ಹತ್ತಿರ ಇಳಿಸುತ್ತಾನೆ, ಕಟ್ಟಡವನ್ನು ಮೂಲೆಯಿಂದ ತೋರಿಸುತ್ತಾನೆ, ಮನುಷ್ಯರನ್ನು ಇರುವೆಯಷ್ಟು ಸಣ್ಣದು ಮಾಡುತ್ತಾನೆ. ಅವನ ಅಚ್ಚುಚಿತ್ರ ನೋಡಿ ಹೋದವರಿಗೆ ನಿಜವಾದ ಕಮಾನು ಸಣ್ಣದಾಗಿ ಕಂಡರೆ ಅದು ಕಮಾನಿನ ತಪ್ಪಲ್ಲ.

ಫೋಟೊಗಳಿಗೂ ಅವುಗಳದೇ ಗುಣಗಳಿವೆ. ಜಿರೋ ದ ಪ್ರಾಂಜೆ 1842ರಲ್ಲಿ ರೋಮಿನಲ್ಲಿ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ತೆಗೆದ. ಡಗೆರೊಟೈಪ್ ಎನ್ನುವ ಈ ಬಗೆಯ ಚಿತ್ರ ಸಾಮಾನ್ಯವಾಗಿ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿರುತ್ತದೆ. ಅದು ಗೊತ್ತಿಲ್ಲದಿದ್ದರೆ ಅರ್ಧ ದಿನ ತಪ್ಪು ಕಡೆ ನಿಂತಿರುತ್ತೀರಿ. ಮುಂದೆ ರಾಬರ್ಟ್ ಮ್ಯಾಕ್‌ಫರ್ಸನ್, ಜೇಮ್ಸ್ ಆಂಡರ್ಸನ್, ಜಾಕೊಮೊ ಕಾನೇವಾ ಇವರೆಲ್ಲ ರೋಮಿನಲ್ಲೇ ನೆಲೆಸಿ ಕೆಲಸ ಮಾಡಿದರು. ಅವರ ಚಿತ್ರಗಳಲ್ಲಿ ಬೀದಿ ಬಣಗುಡುವುದು ಕಂಡು ಊರಲ್ಲಿ ಜನವೇ ಇರಲಿಲ್ಲ ಎಂದುಕೊಳ್ಳಬೇಡಿ. ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಹೊತ್ತು, ಅಷ್ಟು ದೀರ್ಘವಾಗಿತ್ತು, ನಡೆಯುವವರು ದಾಖಲಾಗಲೇ ಇಲ್ಲ. ಆ ಕಾಲದ ಗಾಜಿನ ಪ್ಲೇಟಿಗೆ ನೀಲಿ ಬೆಳಕು ಬೇಗ ತಾಗುತ್ತಿತ್ತು, ಕೆಂಪು ತಾಗುತ್ತಿರಲಿಲ್ಲ. ಆಕಾಶ ಬಿಳಿ ಹಾಳೆಯಂತೆ, ಇಟ್ಟಿಗೆ ಗೋಡೆ ಕಪ್ಪಾಗಿ ಕಾಣುವುದಕ್ಕೆ ಅದೇ ಕಾರಣ.

ಹೆಜ್ಜೆ 3: ಚಿತ್ರ ಯಾವ ಕಾಲದ್ದೆಂದು ಕಟ್ಟಡದಿಂದಲೇ ಕಂಡುಹಿಡಿಯಿರಿ

ನನಗೆ ಅತಿ ಇಷ್ಟವಾದ ಹೆಜ್ಜೆ ಇದು. ಕೆಲವು ಗುರುತು ಗೊತ್ತಿದ್ದರೆ ಸಾಕು.

ಪ್ಯಾಂಥಿಯನ್‌ನ ಮುಂಭಾಗದ ಮೇಲೆ ಎರಡು ಗಂಟೆಗೋಪುರಗಳಿದ್ದರೆ ಆ ಚಿತ್ರ 1883ಕ್ಕಿಂತ ಹಿಂದಿನದು. 1600ರ ಶತಮಾನದಲ್ಲಿ ಏರಿಸಿದ ಆ ಜೋಡಿ ಗೋಪುರಗಳನ್ನು ರೋಮಿನವರು ಕತ್ತೆ ಕಿವಿ ಎಂದು ಕರೆಯುತ್ತಿದ್ದರು. 1883ರಲ್ಲಿ ಅವನ್ನು ಕೆಡವಿದರು.

ಕೊಲೋಸಿಯಂನ ಗೋಡೆಯ ಮೇಲೆ ಗಿಡ, ಬಳ್ಳಿ, ಪೊದೆ ತುಂಬಿದ್ದರೆ ಅದು 1871ಕ್ಕಿಂತ ಹಿಂದಿನದು. ಆಮೇಲೆ ಅವನ್ನೆಲ್ಲ ಕಿತ್ತು ಹಾಕಿದರು. ಅದಕ್ಕೂ ಮೊದಲು, 1855ರಲ್ಲಿ, ರಿಚರ್ಡ್ ಡೀಕಿನ್ ಎಂಬ ಇಂಗ್ಲಿಷ್ ವೈದ್ಯ ಆ ಒಂದೇ ಕಟ್ಟಡದ ಮೇಲೆ ಬೆಳೆದ 420 ಜಾತಿಯ ಸಸ್ಯಗಳನ್ನು ಪಟ್ಟಿ ಮಾಡಿದ್ದ. ಹಳೆಯ ಚಿತ್ರದಲ್ಲಿ ಕಾಣುವ ಹಸಿರು ಕಲಾವಿದನ ಅಲಂಕಾರವಲ್ಲ ಎಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ.

ಚಕ್ರವರ್ತಿ ಟೈಟಸ್‌ನ ಕಮಾನು ಅಕ್ಕಪಕ್ಕದ ಗೋಡೆಗಳಲ್ಲಿ ಹುದುಗಿ ನಿಂತಿದ್ದರೆ ಅದು 1820ರ ದಶಕಕ್ಕಿಂತ ಮೊದಲಿನ ರೂಪ. ಮಧ್ಯಯುಗದಲ್ಲಿ ಫ್ರಾಂಜಿಪಾನೆ ಮನೆತನ ಅದನ್ನು ತಮ್ಮ ಕೋಟೆಯೊಳಗೆ ಸೇರಿಸಿಕೊಂಡಿತ್ತು. ವಾಸ್ತುಶಿಲ್ಪಿ ಜುಸೆಪ್ಪೆ ವಾಲಾದಿಯೆರ್ ಅದನ್ನು ಬಿಡಿಸಿ ಮತ್ತೆ ಕಟ್ಟಿದ. ಕೊಲೋಸಿಯಂನಿಂದ ವೆನಿಸಿಯಾ ಚೌಕದವರೆಗೆ ನೇರವಾದ ಅಗಲ ರಸ್ತೆ ಕಂಡರೆ ಅದು 1932ರ ನಂತರದ್ದು. ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಆ ರಸ್ತೆಗಾಗಿ ಒಂದು ಇಡೀ ಬಡಾವಣೆಯನ್ನೂ ಒಂದು ದಿಬ್ಬವನ್ನೂ ಕೆಡವಿಸಿದ.

ಫೋರಂನಲ್ಲಿ ನೋಡಬೇಕಾದದ್ದು ನೆಲದ ಮಟ್ಟ. ಸೆವೆರಸ್‌ನ ಕಮಾನು ಸುಮಾರು 21 ಮೀಟರ್ ಎತ್ತರ. ಪಿರನೇಸಿಯ ಚಿತ್ರದಲ್ಲಿ ಅದರ ಕೆಳಭಾಗ ಮಣ್ಣಿನಲ್ಲಿ ಹೂತಿದೆ, ಪಕ್ಕದ ಸಣ್ಣ ಕಮಾನುಗಳಲ್ಲಿ ಮೇಲ್ಭಾಗ ಮಾತ್ರ ಕಾಣುತ್ತದೆ. 1800ರ ನಂತರದ ಉತ್ಖನನದಲ್ಲಿ ಮಣ್ಣು ತೆಗೆದರು. ಚಿತ್ರದಲ್ಲಿ ಕಮಾನಿನ ಬುಡ ಕಾಣುತ್ತದೆಯೇ ಇಲ್ಲವೇ ಎಂಬುದೊಂದರಿಂದಲೇ ಕಾಲ ಹೇಳಬಹುದು.

ಇದಕ್ಕಿಂತ ಕಣ್ಣಿಗೆ ಹೊಡೆಯುವ ಸಾಕ್ಷಿ ಫೋರಂನಲ್ಲೇ ಇನ್ನೊಂದಿದೆ. ಚಕ್ರವರ್ತಿ ಆಂಟೊನೈನಸ್ ಪಯಸ್ ತನ್ನ ಹೆಂಡತಿ ಫೌಸ್ಟೀನಾ ತೀರಿಕೊಂಡಾಗ, ಕ್ರಿ.ಶ. 141ರಲ್ಲಿ, ಅವಳಿಗಾಗಿ ದೇವಾಲಯ ಕಟ್ಟಿಸತೊಡಗಿದ. ಅವನೂ ಹೋದ ಮೇಲೆ ಅವನ ಹೆಸರೂ ಸೇರಿತು. ಮುಂದೆ ಅದರೊಳಗೆ ಸಂತ ಲೊರೆಂಜೊನ ಚರ್ಚ್ ಬಂತು. ಕಂಬಗಳ ಹಿಂದಿನ ಚರ್ಚಿನ ಗೋಡೆಯನ್ನು ನೋಡಿ: ಬಾಗಿಲು ಗೋಡೆಯ ನಡುವೆ, ಗಾಳಿಯಲ್ಲಿ ನೇತಾಡುತ್ತಿದೆ. ಮೆಟ್ಟಿಲಿಲ್ಲ, ಹೊಸ್ತಿಲಿನ ಕೆಳಗೆ ಬರೀ ಗೋಡೆ. ಆ ಬಾಗಿಲು ಇಟ್ಟ ಕಾಲದಲ್ಲಿ ಜನ ಬೀದಿಯಿಂದ ನೇರ ನಡೆದು ಒಳಗೆ ಹೋಗುತ್ತಿದ್ದರು. ಆಗ ಬೀದಿ ಅಷ್ಟು ಎತ್ತರದಲ್ಲಿತ್ತು. ಅದರ ಕೆಳಗಿನದೆಲ್ಲ ಮಣ್ಣಿನಡಿ ಇತ್ತು. ಕಾಗದದ ಮೇಲಿನ ಚಿತ್ರದಲ್ಲಿ ಅದೇ ಬಾಗಿಲ ಮುಂದೆ ಜನ ಓಡಾಡುವುದನ್ನು ಕಂಡು ತಲೆಯೆತ್ತಿ ನೋಡಿದಾಗ, ಆ ಕಲಾವಿದ ನಿಂತ ನೆಲ ನನ್ನ ತಲೆಯ ಮೇಲೆಲ್ಲೋ ಇತ್ತು ಎಂದು ಅರ್ಥವಾಯಿತು. ಸ್ವಲ್ಪ ಹೊತ್ತು ಕ್ಯಾಮೆರಾ ಮುಟ್ಟಲು ಮನಸ್ಸಾಗಲಿಲ್ಲ.

ಆ ಕಂಬಗಳ ಮೇಲ್ಭಾಗದಲ್ಲಿ ಓರೆಯಾದ ಗೀರುಗಳಿವೆ. ಹಗ್ಗ ಕಟ್ಟಿ ಎಳೆದು ಕೆಡವಲು ನೋಡಿದ ಗುರುತು ಎಂದು ಹೇಳುತ್ತಾರೆ. ಉದ್ದ ಲೆನ್ಸ್ ಇದ್ದರೆ ಅವನ್ನೂ ಹಿಡಿಯಿರಿ.

ಹೆಜ್ಜೆ 4: ಕಲಾವಿದ ನಿಂತ ಜಾಗದಲ್ಲೇ ನಿಲ್ಲಿ

ಹಳೆಯ ಫೋಟೊದ ಜಾಗ ಹುಡುಕುವುದಕ್ಕೆ ಒಂದು ಉಪಾಯವಿದೆ, ಕಲಿತರೆ ಎಲ್ಲಿ ಬೇಕಾದರೂ ಬರುತ್ತದೆ. ಚಿತ್ರದಲ್ಲಿ ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು ಆರಿಸಿ. ಕ್ಯಾಪಿಟೊಲಿನ್ ಗುಡ್ಡದ ಮೇಲಿನ ಕಟ್ಟೆಯಿಂದ ಫೋರಂ ನೋಡುವುದಾದರೆ ಹತ್ತಿರದ್ದಕ್ಕೆ ಸಾಟರ್ನ್ ದೇವಾಲಯದ ಕಂಬಗಳು ಒಳ್ಳೆಯವು. ಕಂಬಗಳ ಸಂದಿಯಲ್ಲಿ ದೂರದ ಯಾವ ಅಂಚು, ಯಾವ ಗೋಪುರ ಎಲ್ಲಿ ಕಾಣುತ್ತದೆ ಎಂದು ಕಾಗದದ ಮೇಲೆ ಗುರುತು ಹಾಕಿ.

ಈಗ ಕಟ್ಟೆಯ ಉದ್ದಕ್ಕೂ ಎಡಕ್ಕೆ ಬಲಕ್ಕೆ ಸರಿಯಿರಿ. ನೀವು ಬಲಕ್ಕೆ ಸರಿದರೆ ಹತ್ತಿರದ ಕಂಬ ದೂರದ ವಸ್ತುವಿಗಿಂತ ಎಡಕ್ಕೆ ಹೋದಂತೆ ಕಾಣುತ್ತದೆ. ಕಾಗದದಲ್ಲಿದ್ದಂತೆ ಎರಡೂ ಕೂಡಿಬಂದಾಗ ನಿಲ್ಲಿ. ಒಂದು ಜೋಡಿ ಸಾಲದು. ಚಿತ್ರದ ಎಡಭಾಗದಲ್ಲೊಂದು, ಬಲಭಾಗದಲ್ಲೊಂದು ಜೋಡಿ ಕೂಡಬೇಕು. ಎಡದ್ದು ಕೂಡಿ ಬಲದ್ದು ಕೂಡದಿದ್ದರೆ ಮುಂದಕ್ಕೋ ಹಿಂದಕ್ಕೋ ಹೋಗಬೇಕು ಎಂದರ್ಥ. ಎತ್ತರ ಕೊನೆಗೆ: ದೂರದ ಸೂರು ಹತ್ತಿರದ ಕಂಬದ ಬೋದಿಗೆಗಿಂತ ಎಷ್ಟು ಮೇಲೆ ಇದೆ ನೋಡಿ, ಕ್ಯಾಮೆರಾ ಏರಿಸಿ ಇಳಿಸಿ.

ಝೂಮ್ ತಿರುಗಿಸಿ ಹೊಂದಿಸಲು ಹೋಗಬೇಡಿ. ವಸ್ತುಗಳು ಒಂದರ ಪಕ್ಕ ಒಂದು ಹೇಗೆ ಕಾಣುತ್ತವೆ ಎಂಬುದನ್ನು ನಿರ್ಧರಿಸುವುದು ನೀವು ನಿಂತ ಜಾಗ ಮಾತ್ರ. ಜಾಗ ಸಿಕ್ಕಿದ ಮೇಲೆ ಸ್ವಲ್ಪ ಅಗಲವಾಗಿಯೇ ತೆಗೆದು ಮನೆಯಲ್ಲಿ ಕತ್ತರಿಸಿಕೊಳ್ಳಿ. ಕ್ಯಾಮೆರಾ ಮಟ್ಟವಾಗಿರಲಿ, ಮೇಲಕ್ಕೆ ವಾಲಿಸಿದರೆ ಕಂಬಗಳು ಹಿಂದಕ್ಕೆ ಬಿದ್ದಂತೆ ಕಾಣುತ್ತವೆ.

ಈ ಕೆಲಸಕ್ಕೆ ನಮ್ಮಲ್ಲೇ ಒಂದು ದೊಡ್ಡ ಮಾದರಿ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯಲ್ಲಿ ಮೇಣದ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರ ತೆಗೆದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ ಮತ್ತೆ ತೆಗೆದರು. ನಾನು ಮೊದಲು ಅಭ್ಯಾಸ ಮಾಡಿದ್ದೂ ಹಂಪಿಯಲ್ಲೇ. ಗ್ರೀನ್‌ಲಾನ ಒಂದು ಚಿತ್ರಕ್ಕೆ ಸರಿಯಾಗಿ ನಿಲ್ಲಲು ಒಂದು ಬೆಳಗ್ಗೆ ಪೂರ್ತಿ ಹಿಡಿಯಿತು. ರೋಮ್‌ಗೆ ಹೋಗುವವರು ಮೊದಲು ಅಲ್ಲಿ ಕೈ ಪಳಗಿಸಿಕೊಳ್ಳಿ, ವಿಮಾನದ ಖರ್ಚು ಮಾಡಿ ಹೋದ ಮೇಲೆ ಕಲಿಯುವುದು ಕಷ್ಟ.

ಬೆಳಕಿನ ಲೆಕ್ಕ: ಕ್ಯಾಪಿಟೊಲಿನ್ ಕಟ್ಟೆಯಿಂದ ಫೋರಂ ಪೂರ್ವ ದಿಕ್ಕಿಗಿದೆ. ಬೆಳಗ್ಗೆ ಹೋದರೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಸಂಜೆ ಹೋಗಿ. ಈ ಕಟ್ಟೆಗೆ ಟಿಕೆಟ್ ಬೇಡ.

ಹೆಜ್ಜೆ 5: ಹತ್ತಿರ ಹೋಗಿ ಗೋಡೆ ಓದಿ

ಅಕ್ಕನ ಪ್ರಶ್ನೆಗೆ ಬರೋಣ. ಕೊಲೋಸಿಯಂನ ಹೊರಗೋಡೆ ರೋಮಿನ ಹತ್ತಿರದ ಟಿವೋಲಿ ಊರಿನ ಕಡೆಯ ಟ್ರಾವರ್ಟೈನ್ ಎಂಬ ಸುಣ್ಣಕಲ್ಲಿನದು. ಕಲ್ಲಿಗೆ ಕಲ್ಲು ಹಿಡಿಯಲು ಗಾರೆ ಬಳಸಲಿಲ್ಲ, ಒಳಗೆ ಕಬ್ಬಿಣದ ಕೊಂಡಿ ಹಾಕಿದರು. ಮಧ್ಯಯುಗದಲ್ಲಿ ಕಬ್ಬಿಣ ದುಬಾರಿ. ಜನ ಕಲ್ಲಿನ ಸೇರುವೆಗಳನ್ನು ಕೊರೆದು ಕೊಂಡಿ ಕಿತ್ತುಕೊಂಡು ಹೋದರು. ಆ ತೂತುಗಳು ಅವು. ಸಾಲು ಗಮನಿಸಿ, ಬಹುಪಾಲು ತೂತುಗಳು ಎರಡು ಕಲ್ಲು ಸೇರುವಲ್ಲೇ ಇವೆ. ಇನ್ನು ಗಿಡ್ಡ ಭಾಗ: 1349ರ ಭೂಕಂಪದಲ್ಲಿ ದಕ್ಷಿಣದ ಹೊರಗೋಡೆ ಕುಸಿಯಿತು. ಬಿದ್ದ ಕಲ್ಲನ್ನು ಶತಮಾನಗಟ್ಟಲೆ ಗಾಡಿಯಲ್ಲಿ ಹೇರಿಕೊಂಡು ಹೋಗಿ ಅರಮನೆ, ಚರ್ಚು ಕಟ್ಟಿದರು.

ಈಗ ಪೂರ್ವ ತುದಿಗೆ ನಡೆಯಿರಿ, ಬೆಳಗಿನ ಹೊತ್ತು. ಎತ್ತರದ ಗೋಡೆ ಮುಗಿಯುವಲ್ಲಿ ಒಂದು ದಪ್ಪನೆಯ, ಓರೆಯಾದ ಇಟ್ಟಿಗೆ ಆಸರೆ ಇದೆ. 1806ರ ಭೂಕಂಪದ ನಂತರ ಗೋಡೆ ಬೀಳುವ ಸ್ಥಿತಿಗೆ ಬಂದಾಗ ವಾಸ್ತುಶಿಲ್ಪಿ ರಫಾಯೆಲೆ ಸ್ಟೆರ್ನ್ ಕಟ್ಟಿಸಿದ್ದು. ಆಸರೆಯ ಪಕ್ಕದ ಕಮಾನುಗಳನ್ನು ನಿಧಾನವಾಗಿ ನೋಡಿ. ಕಮಾನಿನ ನಡುವಿನ ಕಲ್ಲುಗಳು ಜಾರಿ ಕೆಳಗಿಳಿದಿವೆ, ಪಕ್ಕದವು ಓರೆಯಾಗಿವೆ, ಬಿರುಕು ಬಾಯಿ ಬಿಟ್ಟಿದೆ. ಅಷ್ಟರಲ್ಲಿ ಕಮಾನಿನ ಖಾಲಿ ಜಾಗಕ್ಕೆ ಇಟ್ಟಿಗೆ ತುಂಬಿ ಹಾಗೆಯೇ ನಿಲ್ಲಿಸಿದ್ದಾರೆ. ಕಲ್ಲನ್ನು ಮತ್ತೆ ಮೇಲೆತ್ತಿ ಸರಿಪಡಿಸಲು ಹೋಗಲಿಲ್ಲ. ಬೀಳುತ್ತಿದ್ದ ಕ್ಷಣ ಎರಡು ಶತಮಾನದಿಂದ ಹಾಗೇ ನಿಂತಿದೆ. ಇಡೀ ಕೊಲೋಸಿಯಂನಲ್ಲಿ ಒಂದೇ ಒಂದು ಚಿತ್ರ ತೆಗೆಯಬೇಕೆಂದರೆ ನಾನು ಇದನ್ನೇ ತೆಗೆಯುತ್ತೇನೆ. ಇನ್ನೊಂದು ತುದಿಯಲ್ಲಿ ವಾಲಾದಿಯೆರ್ 1820ರ ದಶಕದಲ್ಲಿ ಕೊಟ್ಟ ಆಸರೆ ಬೇರೆ ಬಗೆಯದು, ಹಳೆಯ ಕಮಾನುಗಳ ಆಕಾರವನ್ನೇ ಇಟ್ಟಿಗೆಯಲ್ಲಿ ಮುಂದುವರಿಸಿದ್ದಾನೆ. ಎರಡನ್ನೂ ತೆಗೆದು ಪಕ್ಕಪಕ್ಕ ಇಡಿ. ಪಾಳನ್ನು ಹೇಗೆ ಉಳಿಸಬೇಕು ಎಂಬ ಇವತ್ತಿನ ಚರ್ಚೆಯ ಎರಡು ಕೊನೆಗಳೂ ಅಲ್ಲಿವೆ.

ಟೈಟಸ್‌ನ ಕಮಾನಿನಲ್ಲಿ ವಾಲಾದಿಯೆರ್ ಇನ್ನೂ ಪ್ರಾಮಾಣಿಕ. ಹಳೆಯ ಭಾಗ ಅಮೃತಶಿಲೆ, ಅವನು ಸೇರಿಸಿದ್ದು ಟ್ರಾವರ್ಟೈನ್. ಹಳೆಯ ಕಂಬಗಳಿಗೆ ಉದ್ದುದ್ದ ಗೀರು ಕೆತ್ತನೆ ಇದೆ, ಹೊಸದಕ್ಕಿಲ್ಲ. ಒಮ್ಮೆ ಗೊತ್ತಾದರೆ ಯಾವುದು ರೋಮನ್ನರದು, ಯಾವುದು ಅವನದು ಎಂದು ದೂರದಿಂದಲೇ ಹೇಳಬಹುದು.

ಸೆವೆರಸ್‌ನ ಕಮಾನಿನ ಶಾಸನಕ್ಕೆ ಉದ್ದ ಲೆನ್ಸ್ ಹಾಕಿ, ನಾಲ್ಕನೆಯ ಸಾಲು ನೋಡಿ. 203ರಲ್ಲಿ ಕಟ್ಟಿದಾಗ ಅಲ್ಲಿ ಕಿರಿಯ ಮಗ ಗೇಟಾನ ಹೆಸರಿತ್ತು. 211ರಲ್ಲಿ ಅಣ್ಣ ಕಾರಕಲ್ಲ ಅವನನ್ನು ಕೊಲ್ಲಿಸಿ, ಹೆಸರನ್ನೂ ಅಳಿಸಿದ. ಆ ಜಾಗಕ್ಕೆ ಅತ್ಯುತ್ತಮರೂ ಅತಿ ಶೂರರೂ ಆದ ಪ್ರಭುಗಳಿಗೆ ಎಂಬ ಹೊಗಳಿಕೆ ತುಂಬಿದರು. ಆದರೆ ಮೊದಲಿನ ಕಂಚಿನ ಅಕ್ಷರ ಕೂರಿಸಿದ ತೂತುಗಳು ಹೊಸ ಅಕ್ಷರಗಳ ನಡುವೆ ಉಳಿದಿವೆ. ಬಿಸಿಲು ನೇರ ಬಿದ್ದಾಗ ಕಾಣವು, ಓರೆ ಬಿಸಿಲಿಗೆ ಕಾಯಿರಿ.

ಇಟ್ಟಿಗೆ ಗೋಡೆಗಳ ವಿಷಯ ಚುಟುಕಾಗಿ ಹೇಳುತ್ತೇನೆ. ರೋಮನ್ ಗೋಡೆಯ ಹೊಟ್ಟೆಯೊಳಗೆ ಸುಣ್ಣ, ಜ್ವಾಲಾಮುಖಿಯ ಬೂದಿ, ಕಲ್ಲಿನ ಚೂರು ಬೆರೆಸಿದ ಕಾಂಕ್ರೀಟ್, ಮೇಲ್ಮೈಗೆ ಮಾತ್ರ ತೆಳು ಇಟ್ಟಿಗೆ ಅಥವಾ ಕಲ್ಲು. ಚೌಕ ಕಲ್ಲುಗಳನ್ನು ಮೂಲೆ ಕೆಳಗಾಗಿ ಬಲೆಯ ಕಣ್ಣಿನಂತೆ ಜೋಡಿಸಿದ ಗೋಡೆಯೂ ಸಿಗುತ್ತದೆ. ಮೇಲ್ಮೈ ಕಿತ್ತುಹೋದ ಕಡೆ ಹೊಟ್ಟೆ ಕಾಣುತ್ತದೆ. ಅಮೆರಿಕದ ಎಸ್ತರ್ ವ್ಯಾನ್ ಡೆಮನ್ ಎಂಬ ವಿದ್ವಾಂಸೆ ಇಟ್ಟಿಗೆಯ ದಪ್ಪ, ಗಾರೆಯ ದಪ್ಪ ಅಳೆದು ಗೋಡೆಗಳ ಕಾಲ ಹೇಳುವ ದಾರಿ ತೋರಿಸಿದವರು. ಇಂಥ ಚಿತ್ರ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆಪಟ್ಟಿ ಹಿಡಿಯಿರಿ, ಗೋಡೆಗೆ ಮುಟ್ಟಿಸಬೇಡಿ.

ಹೆಜ್ಜೆ 6: ಪ್ಯಾಂಥಿಯನ್ ಒಳಗೆ

ಬಾಗಿಲ ಮೇಲಿನ ಶಾಸನ ಹಿಂದಿನ ಕಾಲದ ರೋಮನ್ ಸೇನಾಪತಿ ಅಗ್ರಿಪ್ಪ ಕಟ್ಟಿಸಿದ ಎನ್ನುತ್ತದೆ, ಆದರೆ ಈಗಿರುವುದು ಸುಮಾರು 125ರ ಹೊತ್ತಿಗೆ ಚಕ್ರವರ್ತಿ ಹೇಡ್ರಿಯನ್‌ನ ಕಾಲದಲ್ಲಿ ಮುಗಿದ ಕಟ್ಟಡ. 609ರಲ್ಲಿ ಚರ್ಚ್ ಆದದ್ದರಿಂದ ಉಳಿಯಿತು. ಒಳಗೆ ಹೋಗುವ ಮೊದಲು ಮುಂಭಾಗದ ಎಡತುದಿಯ ಕಂಬದ ಬೋದಿಗೆ ನೋಡಿ, ಅಲ್ಲೊಂದು ಜೇನುಹುಳ ಇದೆ. ಆ ಮೂಲೆಯನ್ನು ರಿಪೇರಿ ಮಾಡಿಸಿದ ಪೋಪ್ ಎಂಟನೇ ಉರ್ಬನ್‌ನ ಮನೆತನದ ಲಾಂಛನ ಅದು. ಮುಖಮಂಟಪದ ಮಾಡಿನಿಂದ ಪ್ರಾಚೀನ ಕಂಚು ಕಿತ್ತುಕೊಂಡವನೂ ಅವನೇ.

ಗುಮ್ಮಟದ ಅಡ್ಡಳತೆ 43.3 ಮೀಟರ್, ನೆಲದಿಂದ ಬೆಳಕಿಂಡಿಯ ಎತ್ತರವೂ ಅಷ್ಟೇ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟ್. ಬುಡದಲ್ಲಿ ಭಾರದ ಕಲ್ಲು, ಮೇಲೆ ಹೋದಂತೆ ಹಗುರ ಕಲ್ಲು ಬೆರೆಸಿದ್ದಾರೆ. ಚಿತ್ರ ತೆಗೆಯುವ ಕಷ್ಟ ಬೆಳಕಿನದು: ಬೆಳಕಿಂಡಿಯಿಂದ ಬೀಳುವ ಬಿಸಿಲ ಬಿಲ್ಲೆ ಉರಿಯುತ್ತದೆ, ಉಳಿದದ್ದು ಕತ್ತಲೆ. ಬಿಲ್ಲೆಯ ಮೇಲೆ ಎಕ್ಸ್‌ಪೋಶರ್ ಇಟ್ಟು ಕತ್ತಲೆಯನ್ನು ಆಮೇಲೆ ಎತ್ತಿಕೊಳ್ಳಿ, ಉರಿದುಹೋದದ್ದು ಮರಳಿ ಬರುವುದಿಲ್ಲ. ಚಳಿಗಾಲದಲ್ಲಿ ನಡುಮಧ್ಯಾಹ್ನವೂ ಬಿಲ್ಲೆ ಗುಮ್ಮಟದ ಒಳಮೈ ಮೇಲೇ ಇರುತ್ತದೆ, ಬೇಸಿಗೆಯಲ್ಲಿ ನೆಲಕ್ಕಿಳಿಯುತ್ತದೆ. ರೋಮ್ ನಗರದ ಹುಟ್ಟುಹಬ್ಬವೆಂದು ಆಚರಿಸುವ ಏಪ್ರಿಲ್ 21ರ ಆಸುಪಾಸಿನ ಮಧ್ಯಾಹ್ನ ಅದು ಬಾಗಿಲಿಗೇ ಬಂದು ನಿಲ್ಲುತ್ತದೆ. ಮಳೆ ಬಂದರೆ ಹೊರಗೆ ಓಡಬೇಡಿ. ನೀರು ಬೆಳಕಿಂಡಿಯಿಂದ ನೇರ ಒಳಗೆ ಸುರಿದು ನೆಲದ ಸಣ್ಣ ತೂತುಗಳಲ್ಲಿ ಇಳಿಯುವುದನ್ನು ನೋಡಬೇಕು.

ಹೆಜ್ಜೆ 7: ಕಟ್ಟಳೆಗಳು

ಕೊಲೋಸಿಯಂ, ಫೋರಂ ಒಳಗೆ ಅನುಮತಿಯಿಲ್ಲದೆ ಟ್ರೈಪಾಡ್ ನಡೆಯುವುದಿಲ್ಲ. ನಗರದ ನಡುಭಾಗದಲ್ಲಿ ಡ್ರೋನ್ ಹಾರಿಸುವಂತಿಲ್ಲ. ಸ್ವಂತಕ್ಕೆ, ಓದಿಗೆ ಚಿತ್ರ ತೆಗೆಯಲು ತೊಂದರೆಯಿಲ್ಲ, ವ್ಯಾಪಾರಕ್ಕೆ ಬಳಸುವುದಾದರೆ ಮೊದಲೇ ಅನುಮತಿ ಬೇಕು. ಕೊಲೋಸಿಯಂ ಟಿಕೆಟ್‌ನಲ್ಲೇ ಫೋರಂ, ಪ್ಯಾಲಟೈನ್ ಗುಡ್ಡ ಸೇರಿವೆ. ಜನಜಂಗುಳಿ ಸಾಕೆನಿಸಿದರೆ ಮೆಟ್ರೊದಲ್ಲಿ ಜೂಲಿಯೊ ಅಗ್ರಿಕೊಲಾ ನಿಲ್ದಾಣಕ್ಕೆ ಹೋಗಿ. ಅಲ್ಲಿಂದ ನಡೆದರೆ ಕ್ರಿ.ಶ. 52ರಲ್ಲಿ ಮುಗಿದ, ಊರಿಗೆ ನೀರು ತರುತ್ತಿದ್ದ ಚಕ್ರವರ್ತಿ ಕ್ಲಾಡಿಯಸ್‌ನ ಮೇಲುಗಾಲುವೆಯ ಕಮಾನುಸಾಲು ಬಯಲಿನಲ್ಲಿ ನಿಂತಿದೆ, ಟಿಕೆಟ್ ಇಲ್ಲ, ಸಂಜೆ ಬೆಳಕು ಅದ್ಭುತ.

ಹೆಜ್ಜೆ 8: ಜೋಡಿಸಿ, ಬರೆದಿಡಿ

ಮನೆಗೆ ಬಂದು ಹಳೆಯದು ಎಡಕ್ಕೆ, ನಿಮ್ಮದು ಬಲಕ್ಕೆ ಇಡಿ. ಕೆಳಗೆ ದಿನ, ಗಂಟೆ, ನಿಂತ ಜಾಗ, ಲೆನ್ಸ್, ಹಳೆಯ ಚಿತ್ರದವನ ಹೆಸರು, ಅದರ ಕಾಲ ಬರೆಯಿರಿ. ಆಮೇಲೆ ಏನು ಹೋಗಿದೆ, ಏನು ಬಂದಿದೆ ಎಂದು ಎರಡೇ ಸಾಲು.

ಪ್ರತಿಗಳನ್ನು ಒಂದೇ ಕಡೆ ಇಡಬೇಡಿ. ಜಾನ್ ಹೆನ್ರಿ ಪಾರ್ಕರ್ ಎಂಬ ಇಂಗ್ಲಿಷ್ ವಿದ್ವಾಂಸರು 1860–70ರ ದಶಕಗಳಲ್ಲಿ ರೋಮಿನ ಅವಶೇಷಗಳ 3,000ಕ್ಕೂ ಹೆಚ್ಚು ಫೋಟೊ ತೆಗೆಸಿದ್ದರು. 1893ರ ಬೆಂಕಿಯಲ್ಲಿ ಆ ನೆಗೆಟಿವ್‌ಗಳು ಸುಟ್ಟುಹೋದವು. ಪ್ರಿಂಟುಗಳು ಅಷ್ಟರಲ್ಲಿ ಬೇರೆ ಬೇರೆ ಗ್ರಂಥಾಲಯಗಳನ್ನು ಸೇರಿದ್ದರಿಂದ ಇವತ್ತು ನಾವು ನೋಡುತ್ತಿದ್ದೇವೆ. ನನ್ನ ಎರಡನೇ ಪ್ರತಿ ಅಕ್ಕನ ಮನೆಯ ಬೀರುವಿನಲ್ಲಿದೆ. ಸ್ಟೆರ್ನ್‌ನ ಆಸರೆಯ ಚಿತ್ರವನ್ನು ಮಾತ್ರ ಅವಳು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾಳೆ.